ಹಿಂದಿನ ಚಕ್ರ ಎತ್ತ ನೋಡುತ್ತದೆ

ಬೆಂಗಳೂರಿನ ಕೆಂಪಾಪುರದ ಗ್ಯಾರೇಜುಗಳಲ್ಲಿ ಬಹಳ ಕಾಲ ಒಂದು ನಂಬಿಕೆ ಇತ್ತು. ಅಲೈನ್‌ಮೆಂಟ್ ಅಂದರೆ ಮುಂದಿನ ಚಕ್ರದ ಕೆಲಸ, ಹಿಂದಿನದು ತಾನಾಗೇ ಹಿಂದೆ ಬರುತ್ತೆ ಅಂತ. ಆಗಿನ ಗಾಡಿಗಳಿಗೆ ಅದು ಸರಿಯಾಗಿಯೇ ಇತ್ತು. 1990ರ ದಶಕದ ಮೊದಲಲ್ಲಿ ನಾನು ಕೆಲಸಕ್ಕೆ ಸೇರಿದ ಶೆಡ್ಡಿಗೆ ಬರುತ್ತಿದ್ದದ್ದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೆಟಡೋರ್, ಜೀಪು, ಜೊತೆಗೆ ಮಾರುತಿ 800. ಅಂಬಾಸಿಡರ್, ಪದ್ಮಿನಿಗಳ ಹಿಂಬದಿಯಲ್ಲಿ ಪಟ್ಟಿ ಸ್ಪ್ರಿಂಗಿನ ಮೇಲೆ ಕೂತ ಇಡಿಯಾದ ಆಕ್ಸಲ್. ಎರಡೂ ಚಕ್ರ ಒಂದೇ ಕೊಳವೆಯ ಎರಡು ತುದಿಗೆ. ಅಲ್ಲಿ ತಿರುಗಿಸಲು ನಟ್ಟೂ ಇಲ್ಲ, ಹೊಂದಿಸಲು ರಾಡೂ ಇಲ್ಲ. ಆಕ್ಸಲ್ ಬಗ್ಗಿದ್ದರೆ ಬೇರೆ ಹಾಕಬೇಕು, ಪಟ್ಟಿಯ ಸೆಂಟರ್ ಬೋಲ್ಟ್ ಕಡಿದಿದ್ದರೆ ಬಿಚ್ಚಿ ಕಟ್ಟಬೇಕು, ಅಷ್ಟೇ.

ಆಗ ಕೆಂಪಾಪುರ ಊರೇ ಆಗಿತ್ತು. ಬಳ್ಳಾರಿ ರಸ್ತೆಯಿಂದ ಒಳಗೆ ತಿರುಗಿದರೆ ರಾಗಿ ಹೊಲ, ತರಕಾರಿ ತೋಟ, ಅಲ್ಲಲ್ಲಿ ದ್ರಾಕ್ಷಿ ಚಪ್ಪರ. ರಸ್ತೆಯ ಆಚೆ ಬದಿಗೆ ಹೆಬ್ಬಾಳ ಕೆರೆ. ಉತ್ತರಕ್ಕೆ ಹೋದರೆ ಕೃಷಿ ವಿಶ್ವವಿದ್ಯಾಲಯದ ಜಮೀನು, ಜಕ್ಕೂರಿನ ವಿಮಾನ ತರಬೇತಿ ಶಾಲೆ, ಅದಕ್ಕೂ ಮುಂದೆ ಯಲಹಂಕದ ವಾಯುನೆಲೆ. ಬಳ್ಳಾರಿ ರಸ್ತೆಯ ಇಕ್ಕೆಲದಲ್ಲೂ ದೊಡ್ಡ ಮರಗಳಿದ್ದವು. ಹೈದರಾಬಾದ್ ಕಡೆಯಿಂದ ಬರುವ ಲಾರಿಗಳು ಆ ನೆರಳಲ್ಲಿ ನಿಲ್ಲುತ್ತಿದ್ದವು. ಗ್ಯಾರೇಜುಗಳಿಗೆ ಅನ್ನ ಹಾಕುತ್ತಿದ್ದದ್ದು ಆ ಲಾರಿಗಳೇ. ಕಾರು ಬಂತೆಂದರೆ ಆವತ್ತು ಸ್ವಲ್ಪ ಹಗುರ ಕೆಲಸ.

ನಮ್ಮ ಮೇಸ್ತ್ರಿ ಮುಂದಿನ ಚಕ್ರದ ಟೋ ನೋಡುತ್ತಿದ್ದದ್ದು ದಾರದಲ್ಲಿ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಕ್ಕೆ ತಿರುಗಿದ್ದರೆ ಟೋ ಇನ್, ಹೊರಕ್ಕೆ ತಿರುಗಿದ್ದರೆ ಟೋ ಔಟ್. ಗಾರೆ ಕೆಲಸದವರು ಗೋಡೆಗೆ ಹಿಡಿಯುವ ದಾರವನ್ನೇ ಮೇಸ್ತ್ರಿ ಹಿಂದಿನ ಟೈರಿಗೆ ತಾಗಿಸಿ ಮುಂದಕ್ಕೆ ಎಳೆದು, ನನ್ನ ಕೈಗೆ ಒಂದು ತುದಿ ಕೊಡುತ್ತಿದ್ದರು. ‘ಅಲ್ಲಾಡಿಸ್ಬೇಡ ಮಗ, ಉಸಿರು ಹಿಡ್ಕೊ’ ಅನ್ನುತ್ತಿದ್ದರು. ಒಂದು ಕಣ್ಣು ಮುಚ್ಚಿ ನೋಡಿ, ಟೈ ರಾಡನ್ನು ಅರ್ಧ ಸುತ್ತು ತಿರುಗಿಸಿ, ಲಾಕ್ ನಟ್ ಬಿಗಿದು ಗಾಡಿ ಕಳಿಸುತ್ತಿದ್ದರು. ಅಂಥ ಗಾಡಿ ಚಿಕ್ಕಬಳ್ಳಾಪುರ ಮುಟ್ಟಿ ಬರುವ ತನಕ ಕೈಬಿಟ್ಟರೂ ನೇರ ಹೋಗುತ್ತಿತ್ತು ಎಂದು ಡ್ರೈವರುಗಳೇ ಹೇಳುತ್ತಿದ್ದರು.

1994ರಲ್ಲಿ ಮಾರುತಿ ಎಸ್ಟೀಮ್ ಬಂತು. ನಮ್ಮಂಥವರ ಪಾಲಿಗೆ ಅದೊಂದು ದೊಡ್ಡ ಬದಲಾವಣೆ ಎಂದು ಈಗ ಅನ್ನಿಸುತ್ತದೆ. ಅದರ ಹಿಂದಿನ ಎರಡು ಚಕ್ರಗಳು ಒಂದಕ್ಕೊಂದು ಅಂಟಿಕೊಂಡಿರಲಿಲ್ಲ. ಪ್ರತಿ ಚಕ್ರಕ್ಕೂ ತನ್ನದೇ ಸ್ಟ್ರಟ್, ತನ್ನದೇ ಆರ್ಮ್, ಜೊತೆಗೆ ಬೆರಳು ಗಾತ್ರದ ಒಂದು ಕಂಟ್ರೋಲ್ ರಾಡ್. ಆ ರಾಡು ಹಿಡಿದ ಕಡೆ ಹಿಂದಿನ ಚಕ್ರದ ಮೂತಿಯನ್ನೂ ಹೊಂದಿಸಬಹುದಿತ್ತು. ಸಾಮಾನ್ಯ ಗಿರಾಕಿಗಳು ಅದನ್ನು ಕೇಳಲಿಲ್ಲ, ಗ್ಯಾರೇಜಿನವರು ಮುಟ್ಟಲೂ ಇಲ್ಲ. ಮುಟ್ಟಿದವರು ರೇಸಿನ ಹುಡುಗರು.

ಬೆಂಗಳೂರಿಗೆ ರೇಸಿನ ಹುಚ್ಚು ಹೊಸದಲ್ಲ. ಮದ್ರಾಸಿನ ಬಳಿಯ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ರೇಸು ನಡೆಯುತ್ತಿದ್ದಾಗ ಇಲ್ಲಿನವರು ರಾತ್ರಿ ಹೊರಟು ಹೋಗುತ್ತಿದ್ದರು. 1990ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಶ್ರೀಪೆರಂಬೂದೂರಿನ ಹತ್ತಿರ ಇರುಂಗಾಟುಕೋಟೈಯಲ್ಲಿ ನಿಜವಾದ ಟ್ರ್ಯಾಕ್ ಮಾಡಿದರು. ಸುತ್ತಳತೆ 3.7 ಕಿಲೋಮೀಟರ್, ಹನ್ನೆರಡು ತಿರುವು. ಬೆಂಗಳೂರು–ಚೆನ್ನೈ ಹೆದ್ದಾರಿಯ ಪಕ್ಕದಲ್ಲೇ ಇದ್ದದ್ದರಿಂದ ನಮ್ಮವರಿಗೆ ಅದು ಮನೆಯಂಗಳವೇ ಆಯಿತು. ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ ಎಂಜಿನ್ ಹಾಕಿ ಒಂಟಿ ಸೀಟಿನ ರೇಸ್ ಕಾರುಗಳನ್ನೇ ಕಟ್ಟಿದ್ದರು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಹೋದರು. 2003ರಲ್ಲಿ ಅವರ ಊರಿನಲ್ಲಿ ತೆರೆದ ಟ್ರ್ಯಾಕಿಗೆ ಅವರದೇ ಹೆಸರಿಟ್ಟರು. ನಮ್ಮ ದೇಶದಲ್ಲಿ ಸಸ್ಪೆನ್ಷನ್ ಬಗ್ಗೆ ತಲೆ ಕೆಡಿಸಿಕೊಂಡ ಮೆಕ್ಯಾನಿಕ್‌ಗಳಲ್ಲಿ ಎಷ್ಟೋ ಜನ ಮದ್ರಾಸು, ಕೊಯಮತ್ತೂರು ಎಂಬ ಆ ಎರಡು ಊರುಗಳ ಋಣದಲ್ಲಿದ್ದೇವೆ.

ಆ ರೇಸಿನ ಹುಡುಗರ ಎಸ್ಟೀಮ್‌ಗಳು ನಮ್ಮ ಶೆಡ್ಡಿಗೆ ಬಂದದ್ದು ಮೇಸ್ತ್ರಿಯ ದಾರದಿಂದಾಗಿ. ಬೆಂಗಳೂರಿನಲ್ಲಿ ಆಗ ಇದ್ದ ಕೆಲವೇ ಅಲೈನ್‌ಮೆಂಟ್ ಮಷೀನುಗಳಲ್ಲಿ ಮುಂದಿನ ಚಕ್ರ ಮಾತ್ರ ನೋಡುತ್ತಿದ್ದರು. ಮೇಸ್ತ್ರಿ ನಾಲ್ಕೂ ಚಕ್ರಕ್ಕೆ ದಾರ ಹಿಡಿದರು. ಕಾರಿನ ಎರಡೂ ಪಕ್ಕಕ್ಕೆ ಉದ್ದಕ್ಕೆ ಒಂದೊಂದು ದಾರ, ನಾಲ್ಕು ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿದ್ದು. ಹಬ್ಬಿನ ನಡುವಿನಿಂದ ದಾರಕ್ಕೆ ಎಡಬಲ ಸಮ ದೂರ ಬರುವ ತನಕ ಸ್ಟ್ಯಾಂಡು ಸರಿಸಬೇಕು. ಆಮೇಲೆ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಎಂದು ಉಕ್ಕಿನ ಸ್ಕೇಲಿನಲ್ಲಿ ಅಳೆಯಬೇಕು. ಮುಂದಿನ ಅಂಚಿನ ಅಳತೆ ಹೆಚ್ಚಿದ್ದರೆ ಟೋ ಇನ್. ಚಕ್ರ ನೆಲಕ್ಕೆ ಕಚ್ಚಿಕೊಂಡರೆ ಅಳತೆ ಸುಳ್ಳು ಹೇಳುತ್ತದೆ. ಅದಕ್ಕೆ ಪ್ರತಿ ಟೈರಿನ ಕೆಳಗೆ ಎರಡು ತಗಡು, ನಡುವೆ ಗ್ರೀಸು. ಡ್ರೈವರ್ ಸೀಟಿನಲ್ಲಿ ಅವನಷ್ಟೇ ತೂಕದ ಮರಳು ಮೂಟೆ. ಇಷ್ಟು ಮಾಡಿ ಒಂದು ಕಾರು ಮುಗಿಸುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಇಂದಿಗೂ ಎಷ್ಟೋ ರೇಸ್ ಟೀಮುಗಳು ಪಿಟ್ಟಿನಲ್ಲಿ ದಾರ ಕಟ್ಟಿಯೇ ಅಳೆಯುತ್ತವೆ. ಟ್ರ್ಯಾಕಿನ ಪಕ್ಕದಲ್ಲಿ ಕರೆಂಟು, ಕಂಪ್ಯೂಟರು ಏನೂ ಬೇಡದ, ಅರ್ಧ ಮಿಲಿಮೀಟರಿನ ತನಕ ನಂಬಬಹುದಾದ ವಿಧಾನ ಅದು.

ಅರ್ಧ ಮಿಲಿಮೀಟರ್ ಅಂದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. ಹದಿನೆಂಟು ಇಂಚಿನ ರಿಮ್ಮಿನ ಅಂಚುಗಳ ನಡುವೆ 1 ಮಿಲಿಮೀಟರ್ ವ್ಯತ್ಯಾಸ ಬಂದರೆ ಕೋನದಲ್ಲಿ ಅದು ಸುಮಾರು ಏಳೂವರೆ ನಿಮಿಷ. ಒಂದು ಡಿಗ್ರಿಗೆ ಅರವತ್ತು ನಿಮಿಷ. ಸ್ಪೋರ್ಟ್ಸ್ ಕಾರಿನ ಹಿಂದಿನ ಚಕ್ರಕ್ಕೆ ಕಂಪನಿ ಹೇಳುವ ಟೋ ಹೆಚ್ಚಾಗಿ ಹತ್ತಿಪ್ಪತ್ತು ನಿಮಿಷದ ಒಳಗೇ ಇರುತ್ತದೆ. ಎರಡು ಮಿಲಿಮೀಟರ್ ಆಚೀಚೆ ಆದರೆ ಟೋ ಇನ್ ಇದ್ದದ್ದು ಟೋ ಔಟ್ ಆಗಿಬಿಡಬಹುದು. ಮುಂದಿನ ಚಕ್ರ ಟೋ ಔಟ್ ಆದರೆ ಸ್ಟೀರಿಂಗಿನಲ್ಲಿ ಕೈಗೆ ಗೊತ್ತಾಗುತ್ತದೆ, ತಿದ್ದಿಕೊಂಡು ಓಡಿಸಬಹುದು. ಹಿಂದಿನ ಚಕ್ರ ಟೋ ಔಟ್ ಆದರೆ ತಿದ್ದಲು ಅಲ್ಲಿ ಸ್ಟೀರಿಂಗೇ ಇಲ್ಲ. ಬಲ ತಿರುವಿನಲ್ಲಿ ಭಾರವೆಲ್ಲ ಎಡ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರದ ಮೂತಿ ಹೊರಕ್ಕೆ ತಿರುಗಿದ್ದರೆ ಅದು ಕಾರಿನ ಬಾಲವನ್ನೇ ಹೊರಗೆ ಒಯ್ಯುತ್ತದೆ. ಡ್ರೈವರಿಗೆ ತಿಳಿಯುವ ಹೊತ್ತಿಗೆ ಕಾರು ಬಂದ ದಾರಿಯನ್ನೇ ನೋಡುತ್ತಾ ನಿಂತಿರುತ್ತದೆ.

2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ತೆರೆಯಿತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕಾಗಿ ರಸ್ತೆ ಅಗಲ ಮಾಡುವಾಗ ಬಳ್ಳಾರಿ ರಸ್ತೆಯ ಮರಗಳು ಹೋದವು. ಮರದ ನೆರಳಲ್ಲಿ ನಿಲ್ಲುತ್ತಿದ್ದ ಲಾರಿಗಳು ಹೋದವು, ಲಾರಿಗಳನ್ನು ನಂಬಿದ್ದ ಶೆಡ್ಡುಗಳು ಒಂದೊಂದಾಗಿ ಹೋದವು. ಬಾಗಲೂರು ಕಡೆ, ಯಲಹಂಕದ ಆಚೆ ಕೆಲವರು ಜಾಗ ನೋಡಿಕೊಂಡರು. 2014ರಲ್ಲಿ ಹೆಬ್ಬಾಳದಿಂದ ಯಲಹಂಕದ ಕಡೆಗೆ ಮೇಲಿನ ಎಕ್ಸ್‌ಪ್ರೆಸ್ ರಸ್ತೆಯೂ ತೆರೆದ ಮೇಲೆ, ಕೆಳಗಿನ ಸರ್ವಿಸ್ ರೋಡಿನಲ್ಲಿ ಗ್ಯಾರೇಜು ಇಟ್ಟುಕೊಂಡವನನ್ನು ಮೇಲೆ ಹೋಗುವವರು ನೋಡುವುದೇ ನಿಂತುಹೋಯಿತು. ಕೆಂಪಾಪುರದ ಹೊಲಗಳು ಲೇಔಟ್ ಆದವು, ಲೇಔಟುಗಳಲ್ಲಿ ಪೀಜಿಗಳೂ ಕಾಲೇಜುಗಳೂ ಎದ್ದವು, ಮಾನ್ಯತಾ ಟೆಕ್ ಪಾರ್ಕಿಗೆ ಹೋಗುವವರ ಕಾರುಗಳಿಂದ ಗಲ್ಲಿಗಳು ತುಂಬಿದವು. ನಾನು ಒಳಗಿನ ರಸ್ತೆಯಲ್ಲಿ ಒಂದು ಸಣ್ಣ ಜಾಗ ಹಿಡಿದು ಅಲೈನ್‌ಮೆಂಟ್, ಸಸ್ಪೆನ್ಷನ್ ಮಾತ್ರ ಎಂದು ಬೋರ್ಡು ಹಾಕಿದೆ. ಎಂಜಿನ್ ಬಿಚ್ಚುವುದನ್ನು ಬಿಟ್ಟೆ.

ಅಷ್ಟು ಹೊತ್ತಿಗೆ ಮಷೀನುಗಳೂ ಬದಲಾಗಿದ್ದವು. ಚಕ್ರಕ್ಕೆ ತಗುಲಿಸುವ ಭಾರದ ಸೆನ್ಸರ್ ತಲೆಗಳು ಹೋಗಿ, ಎದುರಿನ ಕಂಬದಲ್ಲಿ ಕ್ಯಾಮೆರಾ, ಚಕ್ರಕ್ಕೆ ಹಗುರವಾದ ಟಾರ್ಗೆಟ್ ಹಲಗೆ ಬಂದವು. ಪರದೆಯ ಮೇಲೆ ನಾಲ್ಕೂ ಚಕ್ರ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಒಳ್ಳೆಯ ಯಂತ್ರ, ನಾನೂ ಸಾಲ ಮಾಡಿ ಕೊಂಡೆ. ಆದರೆ ಈ ಯಂತ್ರ ಬಂದಮೇಲೆ ನಮ್ಮ ಕಸುಬಿನಲ್ಲಿ ಒಂದು ಕೆಟ್ಟ ರೂಢಿ ಬೆಳೆಯಿತು. ಹಿಂದಿನ ಎರಡು ಚಕ್ರ ಕೆಂಪು ತೋರಿಸುತ್ತಿದ್ದರೂ ಮುಂದಿನದನ್ನು ಹಸಿರು ಮಾಡಿ, ಸ್ಟೀರಿಂಗ್ ನೇರ ಕೂರಿಸಿ, ಪ್ರಿಂಟು ಕೊಟ್ಟು ಕಳಿಸುವುದು. ಹಿಂದಿನ ಎಡಕ್ಕೂ ಬಲಕ್ಕೂ ಟೋ ಸಮ ಇಲ್ಲದಿದ್ದರೆ ಕಾರು ಅಡ್ಡಡ್ಡ ನಡೆಯುತ್ತದೆ. ಅದಕ್ಕೆ ತಕ್ಕಂತೆ ಮುಂದಿನದನ್ನು ತಿರುಗಿಸಿಟ್ಟರೆ ನೇರ ಹೋದಂತೆ ಕಾಣುತ್ತದೆ, ಅಷ್ಟೇ. ಮೊದಲು ಹಿಂದೆ, ಆಮೇಲೆ ಮುಂದೆ. ಈ ಕ್ರಮವನ್ನು ಕೆಲಸಕ್ಕೆ ಸೇರುವ ಪ್ರತಿ ಹುಡುಗನಿಗೂ ನಾನು ಮೊದಲ ದಿನವೇ ಹೇಳುತ್ತೇನೆ.

ಏರ್‌ಪೋರ್ಟ್ ರಸ್ತೆಯ ಜೊತೆಯಲ್ಲೇ ಬಂದದ್ದು ಸ್ಪೋರ್ಟ್ಸ್ ಕಾರುಗಳು. ಮೊದಮೊದಲು ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಸಾಲಾಗಿ ಹೋಗುವುದನ್ನು ನಾವು ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಿದ್ದೆವು. ಆಮೇಲೆ ಅವುಗಳ ಪೈಕಿ ಕೆಲವು ಇರುಂಗಾಟುಕೋಟೈಯ ಟ್ರ್ಯಾಕ್ ಡೇಗಳಿಗೆ ಹೋಗತೊಡಗಿದವು. ಹೆಚ್ಚಿನವರು ಲಾರಿಯ ಮೇಲೆ ಹೇರಿಕೊಂಡು ಹೋಗುವುದಿಲ್ಲ. ಸುಮಾರು 300 ಕಿಲೋಮೀಟರ್ ಓಡಿಸಿಕೊಂಡು ಹೋಗಿ, ದಿನವಿಡೀ ಟ್ರ್ಯಾಕಿನಲ್ಲಿ ದಂಡಿಸಿ, ಅದೇ ಕಾರಿನಲ್ಲಿ ಮನೆಗೆ ವಾಪಸು. ಕಂಪನಿಯವರು ರಸ್ತೆಗೆಂದು ಲೆಕ್ಕ ಹಾಕಿದ ಜಾಯಿಂಟುಗಳಿಗೆ ಅಂಟು ಟೈರು ಹಾಕಿ ತಿರುವಿನಲ್ಲಿ ಎಳೆದರೆ ಬೀಳುವ ಭಾರವೇ ಬೇರೆ.

ಹಾಗೆ ಹೋಗಿ ಬಂದ ಕಾರೊಂದು ಒಂದು ರಾತ್ರಿ ಫ್ಲಾಟ್‌ಬೆಡ್ ಮೇಲೆ ನನ್ನಲ್ಲಿಗೆ ಬಂತು. ಎರಡು ಸೀಟಿನ ವಿದೇಶಿ ಕಾರು, ಎಂಜಿನ್ ಸೀಟಿನ ಹಿಂದೆ. ಅದರ ಬಲ ಹಿಂದಿನ ಚಕ್ರ ಬಾಗಿಲು ಅರ್ಧ ತೆರೆದ ಹಾಗೆ ಹೊರಕ್ಕೆ ತಿರುಗಿ ನಿಂತಿತ್ತು. ಟ್ರ್ಯಾಕಿನಲ್ಲಿ ಏನೂ ಆಗಿರಲಿಲ್ಲ. ಹೆದ್ದಾರಿಯಲ್ಲೂ ಏನೂ ಆಗಿರಲಿಲ್ಲ. ಹೆಬ್ಬಾಳದ ಸರ್ವಿಸ್ ರೋಡಿನಲ್ಲಿ, ಹಂಪ್ ದಾಟಿ ಎಡಕ್ಕೆ ತಿರುಗಿಸುವಾಗ ಟಕ್ ಎಂದು ಶಬ್ದ ಬಂತಂತೆ. ‘ಅಣ್ಣಾ, ಒಂದು ಗಂಟೆ ಮುಂಚೆ ಇದಾಗಿದ್ರೆ?’ ಎಂದ ಆ ಹುಡುಗ. ಅವನ ಕೈ ಇನ್ನೂ ನಡುಗುತ್ತಿತ್ತು. ನಾನು ಟೀ ತರಿಸಿ ಕೂರಿಸಿದೆ.

ಕಾರನ್ನು ಎತ್ತಿ ನೋಡಿದರೆ ಟೋ ಲಿಂಕಿನ ಒಳತುದಿಯ ಬಾಲ್ ಜಾಯಿಂಟ್ ಕುತ್ತಿಗೆಯಲ್ಲಿ ಮುರಿದಿತ್ತು. ಟೋ ಲಿಂಕ್ ಅಂದರೆ ಹಿಂದಿನ ಹಬ್ಬಿನಿಂದ ಸಬ್‌ಫ್ರೇಮಿಗೆ ಹೋಗುವ ಸಣ್ಣ ರಾಡು. ಚಕ್ರದ ಭಾರ ಹೊರುವುದು ಆರ್ಮುಗಳು. ಈ ರಾಡಿನ ಕೆಲಸ ಚಕ್ರದ ಮೂತಿಯನ್ನು ಹಿಡಿದಿಡುವುದು ಮಾತ್ರ. ಮುರಿದ ತುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಲ್ಬಿನ ಕೆಳಗೆ ಹಿಡಿದೆವು. ಮುರಿದ ಮುಖದ ಮುಕ್ಕಾಲು ಭಾಗ ನುಣ್ಣಗೆ, ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಒಂದೇ ಮೂಲೆಯಿಂದ ಹೊರಟ ಬಾಗಿದ ಗೆರೆಗಳು, ಒಂದರ ಪಕ್ಕ ಒಂದು. ಉಳಿದ ಕಾಲು ಭಾಗ ಮಾತ್ರ ಹೊಸದಾಗಿ ಕಿತ್ತ ಹಾಗೆ ಒರಟಾಗಿ ಹೊಳೆಯುತ್ತಿತ್ತು. ಅದರ ಅರ್ಥ ಇಷ್ಟೇ: ಬಿರುಕು ಹುಟ್ಟಿ ಎಷ್ಟೋ ಕಾಲವಾಗಿತ್ತು. ಪ್ರತಿ ತಿರುವಿಗೂ ಒಂದಿಷ್ಟು ಒಳಗೆ ಹೋಗುತ್ತಿತ್ತು. ನೀರು, ಧೂಳು ಹೊಕ್ಕು ತುಕ್ಕು ಹಿಡಿದಿತ್ತು. ಕಡೆಗೆ ಕಾಲು ಭಾಗ ಉಕ್ಕಿನ ಮೇಲೆ ಇಡೀ ಕಾರು ಚೆನ್ನೈಯಿಂದ ಬಂದಿತ್ತು.

ನಮ್ಮ ಬೀದಿಯಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ರೈಲಿನ ಗಾಲಿ, ಆಕ್ಸಲ್‌ಗಳನ್ನು ಮಾಡುವ ಆ ಕಾರ್ಖಾನೆ 1984ರಿಂದ ಇದೆ. ರೈಲಿನ ಆಕ್ಸಲ್ ಕೂಡ ಹೀಗೇ ದಣಿದು ಮುರಿಯುವ ವಸ್ತು. ಅದಕ್ಕೇ ರೈಲ್ವೆಯವರು ಅಲ್ಟ್ರಾಸಾನಿಕ್ ಪರೀಕ್ಷೆ ಮಾಡದೆ ಆಕ್ಸಲ್ ನಂಬುವುದಿಲ್ಲ. ಮುರಿದ ತುಂಡನ್ನು ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ‘ಇದಿರ್ಲಿ, ಆ ಕಡೇದು ಎಲ್ಲಿ? ಅದನ್ನ ಬಿಚ್ಚಿದ್ಯಾ?’ ಎಂದರು. ಎಡಗಡೆಯದು ನೋಡಲು ಹೊಸದರ ಹಾಗಿತ್ತು, ಒಂದಿಷ್ಟೂ ಆಟ ಇರಲಿಲ್ಲ. ಆದರೂ ಬಿಚ್ಚಿಸಿದರು. ಕೆಂಪು ಬಣ್ಣದ ಡೈ ಹೊಡೆದು, ಕಾದು, ಬಟ್ಟೆಯಲ್ಲಿ ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದೆವು. ಬಿಳಿಯ ಮೇಲೆ, ಥ್ರೆಡ್ಡು ಮುಗಿದು ಕುತ್ತಿಗೆ ಶುರುವಾಗುವ ಜಾಗದಲ್ಲಿ, ಕೂದಲಿನಷ್ಟು ತೆಳ್ಳನೆಯ ಕೆಂಪು ಗೆರೆ ಮೆಲ್ಲಗೆ ಎದ್ದು ಬಂತು. ಎಡಗಡೆಯದೂ ಹೊರಟಿತ್ತು. ಅಂದಿನಿಂದ ನನ್ನ ಶೆಡ್ಡಿನಲ್ಲಿ ಆ ಡಬ್ಬಿಗಳು ಕಾಯಂ ಇವೆ.

ಅಲ್ಲೇ ಯಾಕೆ ಮುರಿಯುತ್ತದೆ? ಜಾಯಿಂಟಿನ ಕಂಬಿಯನ್ನು ಸಬ್‌ಫ್ರೇಮು ಒಂದೇ ಬದಿಯಲ್ಲಿ ಹಿಡಿದಿರುತ್ತದೆ, ಇನ್ನೊಂದು ಬದಿ ಗಾಳಿಯಲ್ಲಿ. ಬಾವಿಯ ರಾಟೆಯ ಸರಳು ಎರಡು ಕಂಬಗಳ ಮೇಲೆ ಕೂರುತ್ತದೆ, ಅದೇ ರಾಟೆಯನ್ನು ಗೋಡೆಗೆ ಹೊಡೆದ ಒಂಟಿ ಗೂಟಕ್ಕೆ ಸಿಕ್ಕಿಸಿ ನೀರು ಸೇದಿದರೆ ಗೂಟ ಬುಡದಲ್ಲಿ ಬಗ್ಗುತ್ತದೆ. ಇಲ್ಲೂ ಅದೇ. ಎರಡು ಬದಿ ಹಿಡಿದರೆ ಭಾರ ಎರಡು ಕಡೆ ಹಂಚಿಕೊಳ್ಳುವುದಷ್ಟೇ ಅಲ್ಲ, ಬಗ್ಗಿಸುವ ಬಲವೇ ಬಹುಪಾಲು ಇಲ್ಲವಾಗುತ್ತದೆ. ಬೋಲ್ಟಿನ ದಪ್ಪ ಹೆಚ್ಚಿಸುವುದಕ್ಕಿಂತ ಹಿಡಿಯುವ ರೀತಿ ಬದಲಿಸುವುದು ಮೇಲು.

ಇಂಗ್ಲೆಂಡಿನ ಲೋಟಸ್ ಎಲೀಸ್ ಕಾರಿನವರಿಗೆ ಇದು ಚೆನ್ನಾಗಿ ಗೊತ್ತು. 1996ರಿಂದ 2021ರ ತನಕ ತಯಾರಾದ ಆ ಕಾರಿನ ಚಾಸಿ ಅಲ್ಯುಮಿನಿಯಂ ಪಟ್ಟಿಗಳನ್ನು ಗೋಂದಿನಲ್ಲಿ ಅಂಟಿಸಿ ಕಟ್ಟಿದ್ದು. ಹಗುರತನದಲ್ಲಿ ಅದಕ್ಕೆ ಸಾಟಿ ಕಡಿಮೆ. ಅದರ ಹಿಂದಿನ ಟೋ ಲಿಂಕಿನ ಒಳ ಜಾಯಿಂಟನ್ನು ಎರಡು ಬದಿ ಹಿಡಿಯುವ ಕಿಟ್ಟಿಗೆ ಬದಲಿಸುವುದು ಟ್ರ್ಯಾಕಿಗೆ ಹೋಗುವ ಮಾಲೀಕರಲ್ಲಿ ರೂಢಿಯಾಗಿಬಿಟ್ಟಿದೆ. ಲೋಟಸ್ ಕಾರ್ಖಾನೆ ಇರುವ ಹೆಥೆಲ್ ಕೂಡ ಒಂದು ಕಾಲದ ಯುದ್ಧದ ವಿಮಾನಪಟ್ಟಿ, ನಮ್ಮ ಶೋಲಾವರಂ ಹಾಗೆ. ಯುದ್ಧ ಮುಗಿದು ಖಾಲಿ ಬಿದ್ದ ಪಟ್ಟಿಗಳೇ ಎರಡೂ ಕಡೆ ಕಾರಿನವರನ್ನು ಬೆಳೆಸಿದವು.

ಆ ಹುಡುಗನ ಕಾರಿಗೆ ಮಾಡಿದ ಕೆಲಸವನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನನ್ನ ಕಸುಬು ಎಷ್ಟು ಬದಲಾಯಿತು ಎಂಬುದು ಅದರಲ್ಲೇ ಇದೆ. ಹೊರಗಿನಿಂದ ತರಿಸಿದ ಕಿಟ್ಟು. ಲಿಂಕಿನ ಮೈ ಆರು ಮೂಲೆಯ ಗಟ್ಟಿ ಸರಳು, ಒಂದು ತುದಿಗೆ ಬಲ ಥ್ರೆಡ್ಡು, ಇನ್ನೊಂದಕ್ಕೆ ಎಡ ಥ್ರೆಡ್ಡು. ಹಾಗಾಗಿ ಬಿಚ್ಚದೆಯೇ ಮೈಯನ್ನು ತಿರುಗಿಸಿ ಉದ್ದ ಹೊಂದಿಸಬಹುದು. ತುದಿಗಳಲ್ಲಿ ಹಳೆಯ ಜಾಯಿಂಟಿನ ಬದಲು ಉಕ್ಕಿನ ಗೋಲಿಯ ರಾಡ್ ಎಂಡ್. ಒಳಬದಿಗೆ ಜಾಯಿಂಟನ್ನು ಎರಡೂ ಕಡೆಯಿಂದ ತಬ್ಬುವ ಬ್ರಾಕೆಟ್ಟು. ಹಳೆಯ ಲಿಂಕಿನ ಉದ್ದವನ್ನು ನಡುವಿನಿಂದ ನಡುವಿಗೆ ಅಳೆದು ಹೊಸದನ್ನು ಅಷ್ಟಕ್ಕೇ ಕೂರಿಸಿದೆವು. ಆಮೇಲೆ ಸ್ಪ್ರಿಂಗು ತೆಗೆದು, ಜಾಕಿಯಲ್ಲಿ ಹಬ್ಬನ್ನು ಹತ್ತು ಹತ್ತು ಮಿಲಿಮೀಟರ್ ಮೇಲೆತ್ತುತ್ತಾ, ಹಬ್ಬಿಗೆ ಕಟ್ಟಿದ ಹಲಗೆಗೆ ಡಯಲ್ ಗೇಜು ತಾಗಿಸಿ, ಚಕ್ರ ಮೇಲೆ ಕೆಳಗೆ ಆಡುವಾಗ ಟೋ ಎಷ್ಟು ಬದಲಾಗುತ್ತದೆ ಎಂದು ಬರೆದುಕೊಂಡೆವು. ಕಾರನ್ನು ತಗ್ಗಿಸಿದವರೆಲ್ಲ ಮರೆಯುವ ಸಂಗತಿ ಇದು. ಎತ್ತರ ಇಳಿಸಿದರೆ ಲಿಂಕಿನ ಓರೆ ಬದಲಾಗುತ್ತದೆ, ಆಗ ಪ್ರತಿ ಉಬ್ಬಿನ ಮೇಲೂ ಹಿಂದಿನ ಚಕ್ರ ತಾನೇ ಸ್ಟೀರಿಂಗ್ ತಿರುಗಿಸಿಕೊಳ್ಳುತ್ತದೆ. ಹೊರ ಜಾಯಿಂಟಿನ ಕೆಳಗೆ ತೆಳು ವಾಷರು ಸೇರಿಸಿ ಅದನ್ನು ಸಮ ಮಾಡಬೇಕು. ಕೊನೆಗೆ ಕ್ಯಾಮೆರಾ ಮಷೀನಿನಲ್ಲಿ ಟೋ ಕೂರಿಸಿ, ಅದೇ ಜಾಗದಲ್ಲಿ ದಾರ ಕಟ್ಟಿ ಮತ್ತೊಮ್ಮೆ ಅಳೆದೆ. ಎರಡೂ ಒಂದೇ ಹೇಳಿದವು. ಲಾಕ್ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು, ನಟ್ಟಿನಿಂದ ಸರಳಿಗೆ ಅಡ್ಡಲಾಗಿ ಹಳದಿ ಪೇಂಟಿನ ಗೆರೆ ಎಳೆದೆ. ನಟ್ಟು ಒಂದು ಕೂದಲು ಸಡಿಲಾದರೂ ಗೆರೆ ಮುರಿದು ಕಾಣುತ್ತದೆ.

ಆಮೇಲೆ ಇಂಥ ಕೆಲಸ ಹೆಚ್ಚಾಯಿತು. ಕೆಲವರು ‘ಇದಕ್ಕೆ ಹೊರದೇಶದ ಕಿಟ್ಟು ಯಾಕೆ, ಪೀಣ್ಯದಲ್ಲಿ ಲೇತಿಗೆ ಕೊಟ್ಟರೆ ಒಂದು ದಿನದಲ್ಲಿ ಆಗುತ್ತೆ’ ಎನ್ನುತ್ತಾರೆ. ಪೀಣ್ಯದ ಕೈಗಳ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ವಿಮಾನಕ್ಕೆ ಹೋಗುವ ಭಾಗಗಳನ್ನೇ ಅಲ್ಲಿ ತಿರುಗಿಸುತ್ತಾರೆ. ತೊಂದರೆ ಇರುವುದು ನಾವು ತೆಗೆದುಕೊಂಡು ಹೋಗುವ ಡ್ರಾಯಿಂಗಿನಲ್ಲಿ. ಹಳೆಯ ರಾಡು ತೋರಿಸಿ ‘ಇದರ ಥರ ಮಾಡಿಕೊಡಿ’ ಎಂದರೆ ಅವರು ಕೈಗೆ ಸಿಕ್ಕ ಸರಳಿನಲ್ಲಿ ಅದರ ಥರ ಮಾಡಿಕೊಡುತ್ತಾರೆ. ಸಾಧಾರಣ ಇಎನ್ 8 ಸರಳು ಬೇರೆ, ಹದ ಮಾಡಿದ ಇಎನ್ 24 ಬೇರೆ. ಯಾವ ಉಕ್ಕು, ಎಷ್ಟು ಹದ, ಥ್ರೆಡ್ಡು ಎಷ್ಟು ಉದ್ದ ಒಳಗೆ ಕೂರಬೇಕು, ಕುತ್ತಿಗೆಯಲ್ಲಿ ಎಷ್ಟು ದುಂಡು ಬಿಡಬೇಕು ಎಂದು ಬರೆದು ಕೊಟ್ಟು, ಉಕ್ಕಿನ ಸರ್ಟಿಫಿಕೇಟ್ ಕೇಳಿ ಪಡೆದರೆ ಲಿಂಕಿನ ಮೈಯನ್ನು ಇಲ್ಲೇ ಮಾಡಿಸಬಹುದು, ನಾನು ಮಾಡಿಸಿದ್ದೇನೆ. ರಾಡ್ ಎಂಡನ್ನು ಮಾತ್ರ ಹೆಸರಿರುವ ಬೇರಿಂಗ್ ಕಂಪನಿಯದ್ದೇ ಬಿಲ್ಲಿನ ಸಮೇತ ಕೊಳ್ಳಬೇಕು. ಅಗ್ಗದ ನಕಲು ನೋಡಲು ಒಂದೇ ಥರ ಇರುತ್ತದೆ, ಒಳಗಿನ ಲೈನರ್ ಮಾತ್ರ ಒಂದು ಮಳೆಗಾಲಕ್ಕೇ ಮುಗಿಯುತ್ತದೆ.

ಎಲ್ಲರಿಗೂ ಈ ಕೆಲಸ ಬೇಕು ಎಂದೂ ನಾನು ಹೇಳುವುದಿಲ್ಲ. ರಬ್ಬರ್ ಬುಷ್ ಇರುವುದು ಸುಮ್ಮನಲ್ಲ, ರಸ್ತೆಯ ಏಟನ್ನು ಅದು ನುಂಗಿಕೊಳ್ಳುತ್ತದೆ. ಗುಂಡಿಯೂ ಧೂಳೂ ತುಂಬಿದ ನಮ್ಮ ರಸ್ತೆಗಳಲ್ಲಿ ಉಕ್ಕಿನ ಜಾಯಿಂಟು ಬೇಗ ಸವೆದು ಕಟಕಟ ಎನ್ನತೊಡಗುತ್ತದೆ. ದಿನವೂ ಆಫೀಸಿಗೆ ಹೋಗುವ ಕಾರಿಗೆ ಕಂಪನಿಯ ಹೊಸ ಜಾಯಿಂಟು ಹಾಕಿ, ಕಾಲಕಾಲಕ್ಕೆ ಬದಲಿಸಿದರೆ ಸಾಕು. ಹಲವು ಕಾರುಗಳಲ್ಲಿ ಟೋ ಹೊಂದಿಸುವುದು ಕ್ಯಾಮ್ ಬೋಲ್ಟಿನಲ್ಲಿ. ಟ್ರ್ಯಾಕಿನ ಭಾರಕ್ಕೆ ಅದು ಜಾರುತ್ತದೆ. ಅಂಥದ್ದಕ್ಕೆ ಜಾರದ ಹಾಗೆ ಹಿಡಿಯುವ ಪ್ಲೇಟು ಸಾಕಾಗಬಹುದು. ಇನ್ನೊಂದು ಮಾತು. ಕಂಪನಿ ಕಟ್ಟಿದ ರೂಪವನ್ನು ಬದಲಿಸಿದ ವಾಹನ ರಸ್ತೆಗೆ ಸಲ್ಲದು ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ರಸ್ತೆಯಲ್ಲೂ ಓಡುವ ಕಾರಾದರೆ ಆರ್‌ಟಿಓ ಮತ್ತು ಇನ್ಶೂರೆನ್ಸಿನವರನ್ನು ಮೊದಲೇ ಕೇಳಿ, ಹಳೆಯ ಲಿಂಕುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಗಿರಾಕಿಗಳಿಗೆ ಹೇಳಿಯೇ ಕೆಲಸ ಹಿಡಿಯುತ್ತೇನೆ.

ನನಗೆ ನಿಜವಾಗಿ ಬೇಸರವಾಗುವುದು ದುಡ್ಡು ಹೋಗುವ ದಾರಿ ನೋಡಿದಾಗ. ಕಾರು ತಂದ ಕೂಡಲೇ ಎಕ್ಸಾಸ್ಟು, ಆಮೇಲೆ ಎಂಜಿನ್ ಮ್ಯಾಪು, ಆಮೇಲೆ ದೊಡ್ಡ ರಿಮ್ಮು, ಅಂಟು ಟೈರು. ಒಂದೊಂದೂ ಹಿಂದಿನ ಲಿಂಕಿನ ಮೇಲೆ ಭಾರ ಹೆಚ್ಚಿಸುವಂಥದ್ದೇ. ಆ ಭಾರ ತಡೆಯುವ, ಬೆಲೆಯಲ್ಲಿ ಇವೆಲ್ಲಕ್ಕಿಂತ ಕಡಿಮೆಯ ರಾಡು ಕಟ್ಟಕಡೆಗೆ, ಮುರಿದ ಮೇಲೆ. ಶಬ್ದ ಬರುವ, ಕಣ್ಣಿಗೆ ಕಾಣುವ ವಸ್ತುವಿಗೆ ಕೈ ಬೇಗ ಜೇಬಿಗೆ ಹೋಗುತ್ತದೆ. ಟೋ ಲಿಂಕು ಕಾಣುವುದು ಕಾರಿನ ಅಡಿಯಲ್ಲಿ ಮಲಗಿದವನಿಗೆ ಮಾತ್ರ.

ನಮ್ಮ ಮೇಸ್ತ್ರಿ ಈಗಿಲ್ಲ. ಅವರಿದ್ದ ಶೆಡ್ಡಿನ ಜಾಗದಲ್ಲಿ ಅಪಾರ್ಟ್‌ಮೆಂಟಿದೆ. ನನ್ನಲ್ಲಿ ಕೆಲಸ ಮಾಡುವ ಹುಡುಗರು ಡಿಪ್ಲೊಮಾ ಮಾಡಿದವರು, ಟೋ ಎಂದರೆ ಮಿಲಿಮೀಟರಿಗಿಂತ ಮೊದಲು ನಿಮಿಷದಲ್ಲಿ ಯೋಚಿಸುತ್ತಾರೆ. ಕಾರಿಗೊಂದು ಪುಸ್ತಕ ಇಟ್ಟು, ಪ್ರತಿ ಸಲ ನಾಲ್ಕೂ ಚಕ್ರದ ಅಳತೆ, ಯಾವ ಬೋಲ್ಟು ಯಾವಾಗ ಬದಲಾಯಿತು ಎಂಬುದನ್ನು ಬರೆಯುತ್ತಾರೆ. ಮೇಸ್ತ್ರಿಯ ಲೆಕ್ಕವೆಲ್ಲ ಅವರ ತಲೆಯಲ್ಲೇ ಇತ್ತು, ಅವರೊಂದಿಗೇ ಹೋಯಿತು. ಬರೆದಿಡುವುದು ಈ ಕಸುಬಿಗೆ ಬಂದ ಅತ್ಯಂತ ಒಳ್ಳೆಯ ಬದಲಾವಣೆ ಎಂದು ನಾನು ನಂಬಿದ್ದೇನೆ, ಕ್ಯಾಮೆರಾ ಮಷೀನಿಗಿಂತಲೂ.

ಆದ್ದರಿಂದ ಟ್ರ್ಯಾಕಿಗೆ ಹೊರಡುವ ನನ್ನ ತಮ್ಮಂದಿರಲ್ಲಿ, ಈಚೆಗೆ ತಂಗಿಯರೂ ಬರುತ್ತಿದ್ದಾರೆ, ಅವರಲ್ಲೂ ಕೇಳಿಕೊಳ್ಳುವುದಿಷ್ಟು. ವೇಗ ಬೇಕಿದ್ದರೆ ಏರ್‌ಪೋರ್ಟ್ ರಸ್ತೆ ಬೇಡ, ಇರುಂಗಾಟುಕೋಟೈಗೇ ಹೋಗಿ. ಹೋಗುವ ಒಂದು ವಾರ ಮುಂಚೆ ಕಾರನ್ನು ಎಲ್ಲಾದರೂ ಸರಿ, ನಂಬಿಕೆಯ ಕಡೆ ಲಿಫ್ಟಿಗೆ ಹಾಕಿಸಿ. ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಎಡಬಲಕ್ಕೆ ಹಿಡಿದು ಅಲ್ಲಾಡಿಸಿ ನೋಡಿ, ಆಟ ಇರಬಾರದು. ಟೋ ಲಿಂಕಿನ ಒಳತುದಿಯನ್ನು ಟಾರ್ಚು ಹಿಡಿದು ನೀವೇ ನೋಡಿ, ಜಾಯಿಂಟಿನ ರಬ್ಬರ್ ಬೂಟು ಹರಿದಿದ್ದರೆ ಹೊಸ ಜಾಯಿಂಟು ಹಾಕಿಸದೆ ಹೊರಡಬೇಡಿ. ವಾಪಸು ಬಂದ ಮೇಲೆ ಮತ್ತೊಮ್ಮೆ ಎತ್ತಿಸಿ, ಪೇಂಟಿನ ಗೆರೆ ನೇರ ಇದೆಯೇ ನೋಡಿ. ಒಂದು ಕಡೆಯದು ಹೋಗಿದ್ದರೆ ಎರಡೂ ಕಡೆಯದನ್ನು ಬದಲಿಸಿ.